ಬೋಣಿಗೆ ಮುಂಚೆ ವಾಪಸಿಲ್ಲ

ಜಗಳಕ್ಕೆ ತಯಾರಾಗಿ ಹೋದ ಮನುಷ್ಯನಿಗೆ ಎದುರಿನವರು ಮೊದಲ ಮಾತಿಗೇ ‘ತಪ್ಪಾಯಿತು’ ಅಂದುಬಿಟ್ಟರೆ ಅವನ ಗತಿ ಏನಾಗಬೇಕು ಎಂದು ಯಾರೂ ಯೋಚಿಸುವುದಿಲ್ಲ. ತುದಿನಾಲಿಗೆಗೆ ಬಂದ ಮಾತುಗಳನ್ನೆಲ್ಲ ನುಂಗಬೇಕು, ಏರಿದ ಸಿಟ್ಟನ್ನು ಇಳಿಸಬೇಕು, ಜೊತೆಗೆ ಪಕ್ಕದಲ್ಲಿ ನಿಂತ ಹೆಂಡತಿಯ ಎದುರು ಗೆದ್ದವನಂತೆ ಮುಖ ಮಾಡಬೇಕು. ಐವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಈ ಆಘಾತ ಫೋನಿನ ಮೂಲಕ ಆಯಿತು. ಅದರಿಂದ ನಾನು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ವೈದ್ಯರಿಗೆ ತೋರಿಸುವ ಜಾತಿಯ ಕಾಯಿಲೆ ಅಲ್ಲವಾದ್ದರಿಂದ ನಿಮ್ಮೆದುರು ಹೇಳಿಕೊಳ್ಳುತ್ತಿದ್ದೇನೆ. ದಯವಿಟ್ಟು ಮುಂಡಗೋಡದ ಪೇಟೆಯವರಿಗೆ ಮಾತ್ರ ಹೇಳಬೇಡಿ.

ಪೇಟೆಯವರಿಗೆ ಯಾಕೆ ಹೇಳಬಾರದೆಂದರೆ, ನಾನೂ ಪೇಟೆಯವನೇ. ನಮ್ಮದು ಜವಳಿ ಅಂಗಡಿ. ಅಪ್ಪನ ಕಾಲದ್ದು. ಸೀರೆ, ಧೋತರ, ಖಣ, ಟವೆಲ್ಲು ಮಾರುತ್ತೇವೆ. ಗಾದಿಯ ಹಿಂದಿನ ಗೋಡೆಯ ಮೇಲೆ ಬಸವಣ್ಣನ ಫೋಟೋ ಇದೆ. ಅದರ ಕೆಳಗೆ ಅಪ್ಪನೇ ಬರೆಸಿದ ಬೋರ್ಡು: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’ ಆದರೆ ಅಪ್ಪ ಒರಟು ಮನುಷ್ಯನಾಗಿರಲಿಲ್ಲ. ‘ಇಲ್ಲ’ ಅನ್ನುವ ಶಬ್ದವನ್ನು ಗಿರಾಕಿಯ ಮುಖಕ್ಕೆ ಹೇಳಿದವರೇ ಅಲ್ಲ. ಅದಕ್ಕೆ ಅವರದೊಂದು ಪದ್ಧತಿ ಇತ್ತು. ಬೆಳಗ್ಗೆ ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಆಗುವ ಮುಂಚೆ ಮಾಲು ವಾಪಸ್ ತೆಗೆದುಕೊಂಡರೆ ಇಡೀ ದಿನ ಕೆಡುತ್ತದೆ. ಆದ್ದರಿಂದ ಬೆಳಗ್ಗೆ ಆಗುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಬಂದ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು. ಆದ್ದರಿಂದ ಸಂಜೆಯೂ ಆಗುವುದಿಲ್ಲ. ಉಳಿದದ್ದು ಮಧ್ಯಾಹ್ನ. ಮಧ್ಯಾಹ್ನ ನಾವು ಶಟರ್ ಅರ್ಧ ಇಳಿಸಿ ಊಟ ಮಾಡಿ ಮಲಗುತ್ತೇವೆ. ಈ ಮೂರನ್ನೂ ದಾಟಿ ಬಂದ ಗಟ್ಟಿ ಗಿರಾಕಿಗೆ ಚಹಾ ತರಿಸಿ, ಮನೆಮಂದಿಯ ಕ್ಷೇಮವನ್ನೆಲ್ಲ ವಿಚಾರಿಸಿ, ‘ಒಗದೀರೇನು? ಬಿಸಲಾಗ ಒಣಗಿಸೀರೇನು?’ ಎಂದು ಕೇಳುತ್ತ ಹೋದರೆ, ಕೊನೆಗೆ ಅವರೇ ನಾಚಿಕೊಂಡು ಇನ್ನೊಂದು ಟವೆಲ್ಲು ಕೊಂಡು ಹೋಗುತ್ತಿದ್ದರು. ಈ ವಿದ್ಯೆಯಲ್ಲಿ ನಾನು ಅಪ್ಪನನ್ನೂ ಮೀರಿಸಿದ್ದೇನೆಂಬ ಹೆಮ್ಮೆ ನನಗಿತ್ತು.

ಹೀಗಿರುವಾಗ ಹಳಿಯಾಳದಲ್ಲಿ ಸುತ್ತಲಿನ ನಾಲ್ಕೂ ತಾಲೂಕಿನ ವರ್ತಕರ ಸಭೆ ಗೊತ್ತಾಯಿತು. ಆನ್‌ಲೈನ್ ವ್ಯಾಪಾರದಿಂದ ನಮ್ಮಂಥವರಿಗೆ ಆಗುತ್ತಿರುವ ಅನ್ಯಾಯದ ಬಗ್ಗೆ ಯಾರಾದರೂ ಮಾತಾಡಬೇಕಿತ್ತು. ನನ್ನ ಹೆಸರು ಬಂತು. ಭಾಷಣವನ್ನು ಎರಡೇ ದಿನದಲ್ಲಿ ಬರೆದೆ. ಬಹಳ ಖಾರವಾಗಿ ಬಂತು. ಆದರೆ ಹಾಕಿಕೊಂಡು ಹೋಗಲು ಒಂದು ತೋಳಿಲ್ಲದ ಜಾಕೀಟು ಬೇಕೆನಿಸಿತು. ನಮ್ಮ ಅಂಗಡಿಯಲ್ಲಿ ಜಾಕೀಟು ಇಲ್ಲ. ಎದುರಿನ ಅಂಗಡಿಯಲ್ಲಿ ಕೊಂಡರೆ ‘ಇವರಂಗಡ್ಯಾಗ ಇವರಿಗೇ ಅರಿಬಿ ಇಲ್ಲ’ ಎಂದು ಊರೆಲ್ಲ ಆಡುತ್ತದೆ. ಹಳಿಯಾಳ, ದಾಂಡೇಲಿಯ ಅಂಗಡಿಯವರೆಲ್ಲ ಅದೇ ಸಭೆಗೆ ಬರುವವರು. ಹುಬ್ಬಳ್ಳಿಗೆ ಹೋದರೆ ಒಂದು ದಿನದ ವ್ಯಾಪಾರ ಹೋಗುತ್ತದೆ. ನಮ್ಮ ಟೇಲರನಿಗೆ ಕೊಟ್ಟರೆ ಅವನು ಕಾರ್ಯಕ್ರಮ ಮುಗಿದ ಮೂರನೆಯ ದಿನಕ್ಕೆ ಸರಿಯಾಗಿ ಕೊಡುತ್ತಾನೆ. ಎಲ್ಲ ದಾರಿಗಳೂ ಮುಚ್ಚಿದವು. ನಾನು ಕಳ್ಳನಂತೆ ಫೋನು ತೆಗೆದೆ. ಹೆಂಡತಿ ಗಿರಿಜೆಯ ಹೆಸರಿನಲ್ಲಿ, ಅಂಗಡಿಗೆ ಬರದಂತೆ ಮನೆಯ ವಿಳಾಸಕ್ಕೆ, ಬೂದು ಬಣ್ಣದ ಒಂದು ಜಾಕೀಟು ತರಿಸಿದೆ.

ಅಳತೆ ಕೇಳಿತು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಕಣ್ಣಳತೆಯಲ್ಲಿ ಸೊಂಟ, ಎದೆ, ಎತ್ತರ ಹೇಳುವವನು ನಾನು. ಟೇಪು ಹಿಡಿಯುವುದು ನನಗೆ ಅವಮಾನ. ನಲವತ್ತು ಎಂದು ಒತ್ತಿದೆ. ಅದು ನನ್ನ ಮದುವೆಯ ಕೋಟಿನ ಅಳತೆ ಎಂಬುದು ಆಮೇಲೆ ತಿಳಿಯಿತು. ಜಾಕೀಟು ಬಂತು. ಉಸಿರು ಹಿಡಿದು ಮೂರು ಗುಂಡಿ ಹಾಕಿದೆ. ನಾಲ್ಕನೆಯದನ್ನು ಹಾಕಿ ಉಸಿರು ಬಿಟ್ಟೆ. ಗುಂಡಿ ಟಪ್ಪನೆ ಹಾರಿ, ಗಿರಿಜೆ ಅಕ್ಕಿ ಆರಿಸುತ್ತಿದ್ದ ಮೊರದಲ್ಲಿ ಬಿತ್ತು. ಅವಳು ಅದನ್ನು ಕಲ್ಲೆಂದು ತಿಳಿದು ಎಸೆಯಲು ಹೋಗಿ, ನೋಡಿ, ನನ್ನನ್ನೂ ನೋಡಿ, “ವಾಪಸ್ ಕಳಸ್ರಿ” ಅಂದಳು. “ವಾಪಸ್ ತಗೋತಾರಂತ.”

ವಾಪಸ್! ಸಭೆಗೆ ಉಳಿದದ್ದು ನಾಲ್ಕು ದಿನ. ತಪ್ಪು ನನ್ನದು, ಗುಂಡಿ ಹಾರಿಸಿದವನೂ ನಾನೇ. ಅವರ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂಬುದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ನಾನು ಗಿರಾಕಿಗಳಿಗೆ ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು, ಎದುರಿಗೆ ಉತ್ತರಗಳನ್ನು ಬರೆದುಕೊಂಡೆ. ‘ಗುಂಡಿ ಬರುವಾಗಲೇ ಇರಲಿಲ್ಲ’ ಎಂಬ ಸುಳ್ಳನ್ನು ನಾಲ್ಕು ಸಲ ಅಭ್ಯಾಸ ಮಾಡಿದೆ. ಒಂದು ತಂಬಿಗೆ ನೀರು ಪಕ್ಕದಲ್ಲಿಟ್ಟುಕೊಂಡು, ಜಾಕೀಟು ಕಳಿಸಿದ ಕಂಪನಿಯ ದೂರಿನ ನಂಬರಿಗೆ ಫೋನು ಮಾಡಿ, ಕನ್ನಡಕ್ಕೆ ಯಾವ ಅಂಕಿ ಒತ್ತಬೇಕೋ ಅದನ್ನು ಒತ್ತಿ ಕೂತೆ. ಗಿರಿಜೆ ಬಾಗಿಲಿಗೆ ಒರಗಿ ನಿಂತಳು.

ಒಂದು ಹುಡುಗಿ ಫೋನೆತ್ತಿದಳು. ಹೇಗೆ ಸಹಾಯ ಮಾಡಲಿ ಎಂದು ಕೇಳಿದಳು. ನಾನು ದನಿ ಏರಿಸಿ, ಜಾಕೀಟು ಸಣ್ಣದಾಗಿದೆ ಎಂದು ಶುರು ಮಾಡಿದೆ. ಮುಂದಿನದಕ್ಕೆ ಹಾಳೆ ನೋಡುವಷ್ಟರಲ್ಲಿ ಅವಳು, “ನಿಮಗಾದ ತೊಂದರೆಗೆ ಕ್ಷಮಿಸಿ ಸರ್. ದೊಡ್ಡ ಅಳತೆಯದು ಕಳಿಸಲಾ?” ಅಂದಳು.

ನಾನು ದಂಗಾದೆ. ನಿಜವಾಗಿ ಹೇಳುತ್ತೇನೆ, ಕೈಯಲ್ಲಿದ್ದ ಹಾಳೆ ಕೆಳಗೆ ಬಿತ್ತು. ಕ್ಷಮೆ ಕೇಳುವುದೆಂದರೇನು? ಎದೆಯ ಅಳತೆ ತಪ್ಪಿದವನು ನಾನು! ಮೂವತ್ತು ವರ್ಷ ಗಾದಿಯ ಮೇಲೆ ಕೂತ ನನ್ನ ಬಾಯಿಂದ ಗಿರಾಕಿಗೆ ಆ ಮಾತು ಒಂದು ಸಲವೂ ಬಂದಿಲ್ಲ. ಈ ಹುಡುಗಿ ಬೋಣಿ ಆಗಿದೆಯೋ ಇಲ್ಲವೋ ನೋಡಲಿಲ್ಲ, ದೀಪ ಹಚ್ಚಿದ್ದಾರೋ ವಿಚಾರಿಸಲಿಲ್ಲ, ಒಗೆದೆಯಾ ಒಣಗಿಸಿದೆಯಾ ಎಂದೂ ಕೇಳಲಿಲ್ಲ. ಇಷ್ಟು ಸಲೀಸಾಗಿ ಸೋತರೆ ವ್ಯಾಪಾರದ ಮರ್ಯಾದೆ ಏನಾಗಬೇಕು? ನನಗೆ ತಡೆಯಲಾಗಲಿಲ್ಲ.

“ತಡಿಯವಾ ತಂಗಿ,” ಅಂದೆ. “ತಪ್ಪು ಯಾರ್ದಂತ ಕೇಳೂದಿಲ್ಲೇನು?”

“ಅದರ ಅಗತ್ಯ ಇಲ್ಲ ಸರ್.”

“ಗುಂಡಿ ಹಾರೈತಿ. ನಾನ ಹಾರಿಸೇನಿ.”

ನಾಲ್ಕು ಸಲ ಅಭ್ಯಾಸ ಮಾಡಿದ ಸುಳ್ಳು ಹೀಗೆ ಬಾಯಲ್ಲೇ ಸತ್ತಿತು. ಆ ಕಡೆ ಏನೋ ಟೈಪು ಮಾಡುವ ಸದ್ದು ಬಂತು. ಈಗ ಬಂತು ನೋಡು ಎಂದುಕೊಂಡೆ. ಅವಳು, ಗುಂಡಿ ಸಿಕ್ಕಿದ್ದರೆ ಜಾಕೀಟಿನ ಜೇಬಿನಲ್ಲೇ ಇಟ್ಟುಬಿಡಿ ಸರ್, ಅಂದಳು. ಶನಿವಾರದೊಳಗೆ ಬೇರೆಯದು ಬರುತ್ತದೆ, ಇದನ್ನು ಮನೆಗೇ ಬಂದು ಒಯ್ಯುತ್ತಾರೆ ಎಂದಳು. ಕೊನೆಗೆ, ಇವತ್ತಿನ ನಮ್ಮ ಸೇವೆಗೆ ಐದರಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದಳು. ಅಂಕ ಕೊಡದೆ ಫೋನಿಟ್ಟೆ. ಜಗಳಕ್ಕೆಂದು ಇಟ್ಟುಕೊಂಡ ನೀರನ್ನೆಲ್ಲ ಸುಮ್ಮನೆ ಕುಡಿದೆ. ಏನಂದರೆಂದು ಗಿರಿಜೆ ಕೇಳಿದಳು. “ಒಪ್ಸಿದೆ,” ಅಂದೆ.

ಸಂಬಳಕ್ಕಾಗಿ ಹೇಳುವ ಕಲಿಸಿದ ಮಾತು ಅದು ಎಂದು ಮನಸ್ಸಿಗೆ ಸಮಾಧಾನ ಹೇಳಿ ನೋಡಿದೆ. ಅವಳಿಗೆ ನಾನು ಯಾರೆಂದೂ ಗೊತ್ತಿಲ್ಲ, ನನ್ನ ಹೊಟ್ಟೆಯ ಸುತ್ತಳತೆಯ ಮೇಲೆ ಅವಳಿಗೆ ಯಾವ ಕನಿಕರವೂ ಇರಲಾರದು. ಎಲ್ಲ ನಿಜ. ಆದರೆ ಅಲ್ಲಿಗೇ ಮನಸ್ಸು ಪಾಳಾ ಹಳ್ಳಿಯ ನೀಲವ್ವನ ಕಡೆ ಹೋಗಿಬಿಟ್ಟಿತು. ಆವತ್ತು ಬುಧವಾರ. ಸೋಮವಾರದಿಂದ ಅವಳನ್ನು ಮನಸ್ಸಿನೊಳಗೆ ಬಿಟ್ಟುಕೊಳ್ಳದಂತೆ ನಾನು ಬಹಳ ಎಚ್ಚರ ವಹಿಸಿದ್ದೆ.

ನೀಲವ್ವ ಅಪ್ಪನ ಕಾಲದ ಗಿರಾಕಿ. ಚೊಚ್ಚಲ ಬಸುರಿ ಮಗಳಿಗೆ ಶುಕ್ರವಾರ ಕುಬಸ, ಅಂದರೆ ಸೀಮಂತ, ಮಾಡುವವಳಿದ್ದಳು. ಕುಬಸಕ್ಕೆ ಹಸಿರು ಸೀರೆಯೇ ಆಗಬೇಕು, ನಮ್ಮಲ್ಲೇ ಒಯ್ದಿದ್ದಳು. ಮನೆಗೆ ಹೋಗಿ ಬಿಚ್ಚಿ ನೋಡಿದರೆ ಸೆರಗಿನ ಜರಿಯಲ್ಲಿ ಎರಡು ಬೆರಳಗಲ ಎಳೆಯೇ ಇಲ್ಲ. ಬೀಗರೆಲ್ಲ ಕೂತು ನೋಡುವ ಸೆರಗು ಅದು. ಸೋಮವಾರ ಬೆಳಗಿನ ಬಸ್ಸಿಗೆ ಬಂದಳು. ಬೋಣಿ ಆಗಿಲ್ಲ ಎಂದು ಕಳಿಸಿದೆ. ಮಂಗಳವಾರ ಹೊಲದ ಕೆಲಸ ಮುಗಿಸಿ ಸಂಜೆ ಬಂದಳು. ನಾನು ಆಗ ತಾನೇ ದೀಪ ಹಚ್ಚಿದ್ದೆ. ನಿಜ ಹೇಳಬೇಕೆಂದರೆ, ಅವಳು ರಸ್ತೆ ದಾಟುವುದನ್ನು ನೋಡಿ ಅವಸರದಲ್ಲಿ ಹಚ್ಚಿದೆ. ಬುಧವಾರ ಮಧ್ಯಾಹ್ನ ಬಂದಳು. ಅರ್ಧ ಇಳಿಸಿದ ಶಟರಿನ ಕೆಳಗೆ ಅವಳ ಕಾಲು ಕಾಣಿಸಿತು. ಒಡೆದ ಹಿಮ್ಮಡಿ, ಕಾಲುಂಗುರ. ನಾನು ಕಣ್ಣು ಮುಚ್ಚಿಕೊಂಡೆ. ಆ ಕಾಲುಗಳು ಬಹಳ ಹೊತ್ತು ಅಲ್ಲೇ ಇದ್ದವು. ಅದೇ ಸಂಜೆ ನಾನು ಮನೆಯಲ್ಲಿ ಕೂತು ಫೋನು ಮಾಡಿದ್ದು.

ಗುರುವಾರ ಬೆಳಗ್ಗೆ ಶಟರ್ ಎತ್ತುವಾಗಲೇ ನೀಲವ್ವ ಮೆಟ್ಟಿಲ ಕೆಳಗೆ ನಿಂತಿದ್ದಳು. ಕಂಕುಳಲ್ಲಿ ಅದೇ ಚೀಲ. ಅವಳ ಅಜ್ಜಿಯ ಹೆಸರೂ ನನಗೆ ಗೊತ್ತು. ಗುರುತಿಲ್ಲದವನಿಗೆ ಫೋನಿನ ಆ ಹುಡುಗಿ ಅಷ್ಟು ಮಾಡಿದಳಲ್ಲ ಎಂದು ನೆನೆದರೆ ನಾಚಿಕೆಯಾಯಿತು. ನನ್ನ ಬಾಯಿಂದ ನನಗೇ ಗೊತ್ತಿಲ್ಲದ ದನಿ ಹೊರಟಿತು.

“ಒಳಗ ಬಾ ನೀಲವ್ವ. ನಿನಗ ಭಾಳ ತೊಂದರಿ ಆತು. ತಪ್ಪು ನಂದು. ಬ್ಯಾರೆ ಸೀರಿ ಆರಿಸ್ಕೋ.”

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಹಿಂದಿನ ದಿನ ನನಗೆ ಹೇಗಾಗಿತ್ತೋ ಅವಳಿಗೂ ಹಾಗೇ ಆಗಿತ್ತು. ಬೋಣಿ ಆಯಿತೇ ಎಂದು ಅವಳೇ ವಿಚಾರಿಸಿದಳು. ಇಲ್ಲ, ಪರವಾಗಿಲ್ಲ ಎಂದೆ. ಅವಳ ಮುಖ ಇನ್ನೂ ಸಣ್ಣದಾಯಿತು.

“ಆರಾಮ ಅದೀರಿಲ್ಲೋ ಸಾವಕಾರ್ರ?” ಅಂದಳು. “ಮನಿಂದ ಅವ್ವಾರನ್ನ ಕರೀಲೇನು?”

ಅವಳಿಗೆ ನನ್ನ ಆರೋಗ್ಯದ ಮೇಲಷ್ಟೇ ಅಲ್ಲ, ನನ್ನ ಸೀರೆಗಳ ಮೇಲೂ ಸಂಶಯ ಬಂತು. ಇಷ್ಟು ಬೇಗ ಒಪ್ಪಬೇಕಾದರೆ ಹೊಸದು ಹಳೆಯದಕ್ಕಿಂತ ಕೆಟ್ಟದ್ದಿರಬೇಕು. ಮೂರು ಸೀರೆ ಬಿಚ್ಚಿಸಿದಳು. ಒಂದೊಂದನ್ನೂ ರಸ್ತೆಯ ಬಿಸಿಲಿಗೆ ಒಯ್ದು, ಸೆರಗಿನಿಂದ ಶುರು ಮಾಡಿ ಗೇಣು ಗೇಣಾಗಿ ನೋಡಿದಳು. ಎದುರಿನ ಅಂಗಡಿಯವನು ಹೊರಗೆ ಬಂದು ನಿಂತು ನೋಡುತ್ತಿದ್ದ. ಹಳೆಯ ಸೀರೆಯ ಚೀಲವನ್ನು ಮಾತ್ರ ಅಷ್ಟು ಹೊತ್ತೂ ಕಂಕುಳಿನಿಂದ ಬಿಡಲಿಲ್ಲ. ಕೊನೆಗೆ ಒಂದು ಒಪ್ಪಿಗೆಯಾಯಿತು. ಸೆರಗನ್ನು ಹೆಗಲ ಮೇಲೆ ಹರಡಿಕೊಂಡು ಕನ್ನಡಿ ನೋಡಿದಳು. ಮಗಳಿಗೆ ಹೇಗೆ ಒಪ್ಪಬಹುದೆಂದು ಲೆಕ್ಕ ಹಾಕುತ್ತಿದ್ದಳೇನೋ, ಮುಖ ಸ್ವಲ್ಪ ಸಡಿಲಾಯಿತು. ಹೆಚ್ಚಿಗೆ ಏನೂ ಕೊಡಬೇಕಿಲ್ಲ ಎಂದು ಮೂರು ಸಲ ಹೇಳಿದ ಮೇಲೆ ಚೀಲ ನನ್ನ ಕೈಗೆ ಬಂತು.

ಅಲ್ಲಿಗೆ ಬಿಟ್ಟಿದ್ದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಒಳ್ಳೆಯ ಕೆಲಸ ಮಾಡಿ ಅಭ್ಯಾಸವಿಲ್ಲದವನಿಗೆ ಹೊಗಳಿಕೆಯ ಆಸೆ ಜಾಸ್ತಿ. ಮೆಟ್ಟಿಲಿಳಿಯುತ್ತಿದ್ದವಳನ್ನು ಕರೆದು, ನಮ್ಮ ಅಂಗಡಿಗೆ ಐದರಲ್ಲಿ ಎಷ್ಟು ಕೊಡುತ್ತೀ ಎಂದು ಕೇಳಿಯೇಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ. ಸಾಲೆಯಲ್ಲಿ ಮಾಸ್ತರರು ಕೊಡುತ್ತಾರಲ್ಲ, ಹಾಗೆ ಎಂದು ವಿವರಿಸಿದೆ. ಅವಳು ಬೆರಳು ಮಡಚಿ ಎಣಿಸಿದಳು.

“ನಾಕ ಸಲ ಬಂದೇನ್ರಿ,” ಅಂದಳು. “ಒಂದ ಸಲ ಕೇಳೀರಿ. ಎಷ್ಟಾಕ್ಕೈತಿ ನೀವ ಹಾಕ್ಕೋರಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸಿಗೆ ಹೊತ್ತಾಯಿತೆಂದು ಬಿರಬಿರನೆ ನಡೆದುಬಿಟ್ಟಳು. ನಾನು ಮಾತ್ರ ಕಪಾಳಕ್ಕೆ ಹೊಡೆಸಿಕೊಂಡವನ ಹಾಗೆ ಗಾದಿಯ ಮೇಲೆ ಕೂತೆ. ಆವತ್ತು ಬೋಣಿ ಆಗುವಾಗ ಹನ್ನೊಂದಾಗಿತ್ತು. ಅಪ್ಪ ಹೇಳಿದ್ದು ಸುಳ್ಳಲ್ಲ ನೋಡಿ.

ಶನಿವಾರ ಜಾಕೀಟು ಬಂತು. ನಾಲ್ಕೂ ಗುಂಡಿ ಹಾಕಿ ಉಸಿರು ಬಿಟ್ಟರೂ ತಡೆದುಕೊಂಡಿತು. ಭಾನುವಾರ ಹಳಿಯಾಳದ ಸಭೆಯಲ್ಲಿ ಅದನ್ನೇ ಹಾಕಿಕೊಂಡು ಭಾಷಣ ಓದಿದೆ. ‘ಆನ್‌ಲೈನಿನಲ್ಲಿ ನಿಮ್ಮ ದೂರು ಕೇಳುವ ಮನುಷ್ಯರೇ ಇಲ್ಲ, ನಾವು ಹಾಗಲ್ಲ, ಗಿರಾಕಿಯ ಮುಖ ನೋಡಿ ವ್ಯಾಪಾರ ಮಾಡುವವರು’ ಎಂಬ ಸಾಲು ಬಂದಾಗ ಕಣ್ಣೆದುರು ಶಟರಿನ ಕೆಳಗಿನ ಎರಡು ಕಾಲು ಬಂದವು. ಕೆಮ್ಮಿದೆ. ಭಾವುಕನಾದೆನೆಂದು ತಿಳಿದು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ದಾಂಡೇಲಿಯಿಂದ ಬಂದಿದ್ದ ವರ್ತಕರ ಸಂಘದ ಅಧ್ಯಕ್ಷರು ಹತ್ತಿರ ಬಂದು, ಭಾಷಣದ ಬಗ್ಗೆ ಎರಡು ಮಾತಾಡಿ, ಜಾಕೀಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, ಎಲ್ಲಿಯದೆಂದು ಕೇಳಿದರು. “ನಮ್ಮ ಅಂಗಡೀದ ರೀ,” ಅಂದೆ. ಬಾಯಿ ತಾನಾಗಿಯೇ ಹೇಳಿತು. ತಮಗೂ ಅಂಥದೇ ಒಂದು ಕಳಿಸಬೇಕೆಂದು ಅವರು ಹೆಗಲ ಮೇಲೆ ಕೈ ಹಾಕಿ ಹೇಳಿದರು.

ಮರುದಿನ ಬೆಳಗ್ಗೆ ಗಿರಿಜೆಗೆ ಈ ಸಂಕಟ ಹೇಳಿದೆ. ಅವರ ಅಳತೆ ತೆಗೆದುಕೊಂಡಿರೇನು ಎಂದು ಕೇಳಿದಳು. ಕಣ್ಣಲ್ಲೇ ನೋಡಿದ್ದೇನೆ ಎಂದೆ. ಅವಳು ಗೋಡೆಗೆ ಒರಗಿಸಿಟ್ಟ ಮೊರದ ಕಡೆ ನೋಡಿದಳು.

ಅಂಗಡಿಗೆ ಬಂದು ಗಾದಿಯ ಮೇಲೆ ಕೂತು, ಎದುರಿನವನಿಗೆ ಕಾಣದಂತೆ ಗೋಡೆಗೆ ಮುಖ ಮಾಡಿ ಫೋನು ತೆಗೆದೆ. ಮೊದಲು ದಾಂಡೇಲಿಗೆ ಹಚ್ಚಿ ಅಧ್ಯಕ್ಷರಿಂದಲೇ ಟೇಪಿನ ಅಳತೆ ಕೇಳಿಕೊಂಡೆ. ಆಮೇಲೆ ಆನ್‌ಲೈನಿನಲ್ಲಿ ಅಂಥದೇ ಜಾಕೀಟಿಗೆ ಆರ್ಡರು ಹಾಕಿದೆ. ಅದು ಮುಗಿದ ಕೂಡಲೇ, ಹಿಂದಿನ ಸಲದ ನಮ್ಮ ಸೇವೆಗೆ ಐದರಲ್ಲಿ ಎಷ್ಟು ಎಂದು ಫೋನು ಮತ್ತೆ ಕೇಳಿತು. ಐದು ಒತ್ತಿದೆ. ಕಾರಣ ಬರೆಯಿರಿ ಎಂದಿತು. ಒಂದೊಂದೇ ಅಕ್ಷರ ಹುಡುಕಿ ಬರೆದೆ: ‘ಒಂದೇ ಸಲಕ್ಕೆ ಕೇಳಿದರು.’ ಕಳಿಸಿ ತಲೆ ಎತ್ತಿದರೆ ಕಣ್ಣೆದುರಿಗೇ ಅಪ್ಪನ ಬೋರ್ಡು. ನನ್ನ ಅಂಗಡಿಯಲ್ಲಿ ಇನ್ನೂ ಬೋಣಿ ಆಗಿರಲಿಲ್ಲ. ಆ ಆನ್‌ಲೈನಿನವರ ಬೋಣಿಯನ್ನು ಮಾತ್ರ ನಾನೇ ಕೈಯಾರೆ ಮಾಡಿಕೊಟ್ಟಿದ್ದೆ.