ಅಕ್ಕಿ ಇಲ್ಲ ಅನ್ನುವವರು ಯಾರು?

ಉಜ್ಜಿನಮ್ಮ: ನನ್ನ ಬಾಯಾಗ ಆ ಮಾತು ಬರಲೇ ಇಲ್ಲ, ಏನ್ ಮಾಡ್ಲಿ? ಹೊಸ್ತಿಲ ಮ್ಯಾಲ ನಿಂತಗೊಂಡು, ಮನೀಗೆ ದೀಪ ಹಚ್ಚೋಳು, ಅಕ್ಕಿ ಇಲ್ಲ ಅಂತ ಹೆಂಗ ಅನ್ಲಿ?

ಬೊಮ್ಮಪ್ಪ: ಅನ್ನಬ್ಯಾಡ. ತಲಿ ಆದ್ರೂ ಅಲ್ಲಾಡಸಬೇಕಿತ್ತು.

ಉಜ್ಜಿನಮ್ಮ: ಅಲ್ಲಾಡಿಸಿದೆ. ಅವ ಹೂಂ ಅಂತ ಬರಕೊಂಡ.

ಬೊಮ್ಮಪ್ಪ: ಅಷ್ಟ ಅಲ್ಲ. ‘ಎಲ್ಲ ಐತಪ್ಪ, ಉಂಡು ಹೋಗು’ ಅಂದೀಯಂತ. ಉಂಡು ಹೋಗು ಅನ್ನಾಕ ಏನಿತ್ತು ಮನ್ಯಾಗ?

ಉಜ್ಜಿನಮ್ಮ: ಅವ ಉಣ್ಣಲ್ಲ ಅಂತ ಗೊತ್ತಿತ್ತು. ಬಾಯಿಗೆ ಮಾಸ್ಕ್ ಹಾಕ್ಕೊಂಡಿದ್ದ.

ಗಂಡ ಹೆಂಡತಿ ಹೀಗೆ ಪಿಸುಮಾತಿನಲ್ಲಿ ಜಗಳವಾಡುತ್ತಿದ್ದದ್ದು ಮನೆಯ ಹಿಂದಿನ ಕುರಿದೊಡ್ಡಿಯಲ್ಲಿ. ಗುಮ್ಮಘಟ್ಟದ ಕಡೆಯ ಆ ಊರಿನಲ್ಲಿ ಜಗಳವನ್ನು ಪಿಸುಮಾತಿನಲ್ಲಿ ಆಡುವ ರೂಢಿ ಯಾರಿಗೂ ಇಲ್ಲ. ಆದರೆ ಮನೆ ಮುಂದಿನ ಕಟ್ಟೆಯ ಮೇಲೆ ಗುಡಿಬಂಡೆಯ ಸೂರಪ್ಪ ಕೂತಿದ್ದರು. ಮಗನಿಗೆ ಹೆಣ್ಣು ಕೇಳುವ ಮುಂಚೆ ಮನೆತನ ಹೇಗೆಂದು ನೋಡಿಕೊಂಡು ಹೋಗೋಣವೆಂದು ಒಂದು ಶನಿವಾರ ಬಂದವರು ಅವರು. ಭಾನುವಾರ ಕೊರೋನಾ ಕರ್ಫ್ಯೂ ಅಂದರು, ಒಂದು ದಿನ ತಾನೇ ಎಂದು ನಿಂತರು. ಸೋಮವಾರ ಬಸ್ಸೇ ನಿಂತಿತು. ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ಮನೆತನ ನೋಡಲು ಇಷ್ಟು ದಿನ ತೆಗೆದುಕೊಂಡ ಬೀಗರು ಆ ಸೀಮೆಯಲ್ಲೇ ಇರಲಿಕ್ಕಿಲ್ಲ.

ಮೊದಲ ವಾರ ಬೀಗರಿಗೆಂದು ಟಗರು ಬಿತ್ತು. ಎರಡನೇ ವಾರಕ್ಕೆ ರೇಷನ್ ಅಕ್ಕಿ ಮುಗಿಯುತ್ತ ಬಂತು. ಕುರಿ ಸಂತೆ ನಿಂತಿದ್ದರಿಂದ ದೊಡ್ಡಿ ತುಂಬ ಕುರಿ ಇದ್ದರೂ ಅಂಗಡಿಗೆ ಹೋಗಲು ಕೈಯಲ್ಲಿ ಕಾಸಿಲ್ಲ. ನಾಲ್ಕು ದಿನದಿಂದ ಸೂರಪ್ಪನವರಿಗಷ್ಟೇ ಅನ್ನ. ಅವರು ಕೈ ತೊಳೆದು ಕಟ್ಟೆಗೆ ಹೋದ ಮೇಲೆ ಅಡುಗೆಮನೆಯ ಕದ ಮುಂದೆ ಮಾಡಿಕೊಂಡು ಗಂಡ, ಹೆಂಡತಿ, ಮಗಳು ಶಿವಲೀಲಾ ಮೂವರೂ ನವಣೆ ಅಂಬಲಿ ಕುಡಿಯುತ್ತಿದ್ದರು. ಈಗ ಅವರ ಅನ್ನಕ್ಕೂ ಎರಡೇ ಹೊತ್ತಿನ ಅಕ್ಕಿ ಉಳಿದಿತ್ತು. ಆಮೇಲೆ ಬೀಗರ ಎಲೆಗೂ ಅಂಬಲಿಯೇ. ಅಂಬಲಿ ಬಡಿಸಿದ ಮನೆಯಿಂದ ಯಾರು ಹೆಣ್ಣು ತರುತ್ತಾರೆ?

ಇಂಥ ಹೊತ್ತಿಗೆ, ರಾಯದುರ್ಗದಲ್ಲಿ ಪ್ಯಾಂಟು ಹೊಲಿಸುವ ಸಾಹುಕಾರರೊಬ್ಬರು ಏನೂ ಇಲ್ಲದವರಿಗೆಂದು ಊರಿಗೆ ನಲವತ್ತು ಚೀಲ ಕಳಿಸಿದ್ದರು. ಒಂದೊಂದರಲ್ಲಿ ಹತ್ತು ಕಿಲೋ ಅಕ್ಕಿ, ಬೇಳೆ, ಎಣ್ಣೆ. ಮನೆಮನೆ ವಿಚಾರಿಸಿ ಹೆಸರು ಬರೆಯುವ ಕೆಲಸ ಊರಿನ ವಾಲಂಟೀರ್ ರಘುನಾಥನದು. ಉಜ್ಜಿನಮ್ಮ ಉಂಡು ಹೋಗು ಅಂದದ್ದು ಇವನಿಗೇ. ಇವತ್ತು ಸಂಜೆಗೆ ಪಟ್ಟಿ ಮುಗಿಯುತ್ತದೆ.

ಬೊಮ್ಮಪ್ಪ ದೊಡ್ಡಿಯಿಂದಲೇ ಅವನಿಗೆ ಫೋನ್ ಮಾಡಿ, ಹೆಂಗಸರ ಮಾತು ಬಿಡು, ಯಜಮಾನ ನಾನು ಹೇಳುತ್ತೇನೆ, ಬರೆದುಕೋ ಅಂದ. ಫೋನಿನಲ್ಲಿ ಆಗುವುದಿಲ್ಲ, ಬಾಗಿಲ ಮುಂದೆ ಯಜಮಾನನ ಫೋಟೋ ಬೇಕು ಎಂದ ರಘುನಾಥ. ಹಿತ್ತಲ ಬಾಗಿಲು ಆಗುತ್ತದೆಯೇ ಎಂದು ಬೊಮ್ಮಪ್ಪ ಕೇಳಿದ. ಆಗುವುದಿಲ್ಲವಂತೆ.

ರಘುನಾಥ ಬಂದ. ಬಂದವನು ಬಾಗಿಲಿಂದ ಆರಡಿ ದೂರ, ಬೀದಿಯಲ್ಲಿ ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತ. ಮಾಸ್ಕಿನೊಳಗಿಂದ ಮಾತು ಕೇಳಿಸಬೇಕಲ್ಲ, ಗಂಟಲು ಏರಿಸಿದ.

ರಘುನಾಥ: ಬೊಮ್ಮಣ್ಣ, ಮನ್ಯಾಗ ಅಕ್ಕಿ ಐತೋ, ಇಲ್ಲೋ?

ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಸೂರಪ್ಪ ಕೈ ನಿಲ್ಲಿಸಿ ಬೊಮ್ಮಪ್ಪನನ್ನು ನೋಡಿದರು.

ಬೊಮ್ಮಪ್ಪ: ಅದೇನಪ್ಪ, ಹಿಂಗ ಕೇಳ್ತಿ?

ರಘುನಾಥ: ಬಂದು ಕೇಳು ಅಂತ ಫೋನ್ ಮಾಡಿದೋರು ನೀವ ಅಲ್ಲೇನ್ರಿ?

ಬೊಮ್ಮಪ್ಪ: ನಾ ಕರದಿದ್ದು ಅದಕ್ಕಲ್ಲ. ಇಲ್ಲದೋರಿಗೆ ನಮ್ಮ ಕಡಿಂದನೂ ಒಂದು ಚೀಲ ಅಕ್ಕಿ ಬರಕೋ ಅನ್ನಾಕ.

ರಘುನಾಥನಿಗೆ ಖುಷಿಯಾಯಿತು. ದಾನಿಗಳ ಪಟ್ಟಿಗೆ ಹೆಸರು ಸೇರಿಸಿ, ಫೋಟೋ ಹೊಡೆದು, ಸಂಜೆ ಆಟೋ ತರುತ್ತೇನೆ, ಚೀಲ ತೆಗೆದಿಟ್ಟಿರಿ ಎಂದು ಹೊರಟ. ಬಾಗಿಲ ಹಿಂದೆ ಉಜ್ಜಿನಮ್ಮ ಹಣೆ ಹಣೆ ಬಡಿದುಕೊಂಡಳು. ಮತ್ತೆ ದೊಡ್ಡಿ.

ಉಜ್ಜಿನಮ್ಮ: ನಾ ಇಲ್ಲದ್ದನ್ನ ಐತಿ ಅಂದೆ. ನೀವು ಇಲ್ಲದ್ದನ್ನ ಕೊಡ್ತೀನಿ ಅಂದ್ರಿ. ಏನಾದ್ರೂ ಗಂಡಸರು ಒಂದು ಕೈ ಮುಂದ.

ಬೊಮ್ಮಪ್ಪ: ಬೀಗರು ನನ್ನ ಮಾರಿನ ನೋಡಾಕತ್ತಿದ್ರಲ್ಲ.

ಉಜ್ಜಿನಮ್ಮ: ಇನ್ನೊಂಚೂರು ನೋಡಿದ್ರ ದೊಡ್ಡಿ ಕುರಿನೂ ಬರಸ್ತಿದ್ರಿ.

ಆ ಯೋಚನೆ ಬೊಮ್ಮಪ್ಪನಿಗೂ ಬಂದಿತ್ತು.

ಸಂಜೆ ಆಟೋ ಬಂತು. ರಘುನಾಥ ಒಂದು ಚೀಲ ಇಳಿಸಿ ಕಟ್ಟೆಯ ಮೇಲಿಟ್ಟು, ಮೊಬೈಲ್ ನೋಡಿ ಓದಿದ.

ರಘುನಾಥ: ಸೂರಪ್ಪ, ಗುಡಿಬಂಡೆ. ಪರ ಊರಿನೋರು, ಊಟಕ್ಕ ಗತಿ ಇಲ್ಲದೋರು. ನಿನ್ನಿ ನೀವ ಬೇವಿನ ಗಿಡದ ಹತ್ರ ನಿಂತು ಬರಸಿದ್ರಲ್ರಿ.

ಉಜ್ಜಿನಮ್ಮನ ಸಹನೆ ಅಲ್ಲಿಗೆ ಮುಗಿಯಿತು. ಹತ್ತೊಂಬತ್ತು ದಿನ ಬೀಗರೊಡನೆ ಬಾಗಿಲ ಹಿಂದಿನಿಂದಲೇ ಮಾತಾಡುತ್ತಿದ್ದವಳು ಬೀದಿಗೇ ಬಂದಳು.

ಉಜ್ಜಿನಮ್ಮ: ಅಣ್ಣಾರ, ನಮ್ಮನ್ಯಾಗ ಉಂಡು, ನಮ್ಮ ಬೇವಿನ ಗಿಡದ ಕೆಳಗ ನಿಂತು, ಗತಿ ಇಲ್ಲ ಅಂತ ಬರಸಿದ್ರೇನ್ರಿ? ನಿಮ್ಮ ಎಲಿಗೆ ನಾವೇನು ಕಡಿಮಿ ಮಾಡಿದ್ವಿ?

ಸೂರಪ್ಪ: ನನ್ನ ಎಲೆಗೇನೂ ಕಮ್ಮಿ ಇಲ್ಲ ಕಣಕ್ಕ. ನೀವು ಅಂಬಲಿ ಕುಡಿಯಾದು ನಾಲ್ಕು ದಿನದಿಂದ ಕಾಣ್ತೈತೆ. ಊಟ ಆಯ್ತೇನವ್ವ ಅಂತ ನಿಮ್ಮ ಮಗಳ್ನ ಕೇಳಿದ್ರೆ, ಅನ್ನ ಉಂಡೆ ಅಂತು. ತುಟಿ ಮೇಲೆ ಅಂಬಲಿ ಇತ್ತು. ನಿಮ್ಮ ಬಾಯಲ್ಲಿ ಇಲ್ಲ ಅಂತ ಬರಾಕಿಲ್ಲ. ನಂದೇನು, ನಾನು ಪರ ಊರೋನು. ನಂಗ್ಯಾವ ಮಾನ? ಅಂದ್ಬುಟ್ಟೆ.

ಉಜ್ಜಿನಮ್ಮನಿಗೆ ಅಳು ಬಂತು. ನಾಚಿಕೆಗೋ, ಹೊಟ್ಟೆ ತಣ್ಣಗಾದದ್ದಕ್ಕೋ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಬೊಮ್ಮಪ್ಪ ಬೇರೆ ಕಡೆ ನೋಡಿದ. ಇದೊಂದೂ ತಿಳಿಯದ ರಘುನಾಥ, ಬೊಮ್ಮಣ್ಣ, ನಿಮ್ಮ ಚೀಲ ಎಲ್ಲಿ ಎಂದ.

ಸೂರಪ್ಪ: ಅವ್ರ ಚೀಲ ನಾನು ಉಂಡುಬುಟ್ಟೆ ಕಣಪ್ಪ. ಹತ್ತೊಂಬತ್ತು ದಿನ ಕೂತು ಉಂಡೆ. ಹಂಗಂತಲೇ ಬರ್ಕೊ.

ರಘುನಾಥ ನಿಟ್ಟುಸಿರಿಟ್ಟು, ಆಟೋದಲ್ಲಿ ಉಳಿದ ಮೂವತ್ತೊಂಬತ್ತು ಚೀಲ ರಾಯದುರ್ಗಕ್ಕೆ ವಾಪಸ್ಸು ಹೋಗುತ್ತವೆ ಎಂದ. ಅರವತ್ತು ಮನೆ ಕೇಳಿದ್ದನಂತೆ. ಒಂದು ಮನೆಯವರೂ ಇಲ್ಲ ಅನ್ನಲಿಲ್ಲ. ಹನ್ನೊಂದು ಮನೆಯವರು ಉಂಡು ಹೋಗು ಅಂದರಂತೆ. ಇಂಥ ಶ್ರೀಮಂತ ಊರನ್ನು ನಾನು ನೋಡಿಯೇ ಇಲ್ಲ ಎಂದು ಸಾಹುಕಾರರು ಫೋನಿನಲ್ಲಿ ಬೆರಗಾದರಂತೆ.

ಸೂರಪ್ಪ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡರು.

ಸೂರಪ್ಪ: ಆಟೋ ತಿರುಗ್ಸು. ಹಟ್ಟಿಹಟ್ಟಿಗೂ ಹೋಗಾನ. ಅವ್ರ ಪರವಾಗಿ ನಾನು ಅಂತೀನಿ. ಈ ಊರಿಗೆಲ್ಲ ಇಲ್ಲ ಅನ್ನಾಕೆ ನಾನೊಬ್ಬ ಸಾಕು.

ಇಂಥ ಬೀಗರು ಏಳು ಜನ್ಮಕ್ಕೂ ಸಿಗುವುದಿಲ್ಲ ಎಂದು ಬೊಮ್ಮಪ್ಪ ಹೆಂಡತಿಯ ಕಡೆ ತಿರುಗಿದರೆ, ಅವಳು ಕಣ್ಣೊರೆಸಿಕೊಂಡು ಆಗಲೇ ಆಟೋ ಹಿಂದೆ ನಡೆದಿದ್ದಳು.

ಉಜ್ಜಿನಮ್ಮ: ಅಣ್ಣಾರ, ಎಲ್ಲಾ ಮನಿಗೂ ಹೋಗ್ರಿ. ಆ ಮೂಲಿಮನಿಗೆ ಮಾತ್ರ ಚೀಲ ನಾನ ಹೊತ್ತು ಹಾಕ್ತೀನಿ. ಅವ್ರಿಗೂ ಲಗ್ನಕ್ಕ ಬಂದ ಮಗಳೊಬ್ಬಾಕಿ ಅದಾಳ.