ಅರವತ್ತಾರರಿಂದ ನೂರಕ್ಕೆ ಹಾರಿದ ಜಾತಕ

ವೇಗದ ವಿಷಯದಲ್ಲಿ ನಾನು ಹುಟ್ಟಾ ಸಾಧು. ನಾನು ಸ್ಕೂಟರಿನಲ್ಲಿ ಹೊರಟರೆ ಸೈಕಲ್ಲಿನವರು ಬೆಲ್ ಹೊಡೆದು ಮುಂದೆ ಹೋಗುತ್ತಾರೆ, ನನಗೇನೂ ಬೇಜಾರಿಲ್ಲ. ಆದರೆ ನನ್ನ ಕಂಪ್ಯೂಟರನ್ನು ಯಾರಾದರೂ ನಿಧಾನ ಅಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ಆ ಯಂತ್ರ ಬಂದು ಕೂತಾಗಲೇ ಅದಕ್ಕೆ ವಯಸ್ಸಾಗಿತ್ತು. ಗಣಿತದ ಮೇಷ್ಟ್ರಾದ ನಾನು ಅದರಲ್ಲಿ ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದೆ, ಬಿಡುವಾದಾಗ ನೆಂಟರಿಷ್ಟರಿಗೆ ಜಾತಕ ಹಾಕಿಕೊಡುತ್ತಿದ್ದೆ. ಹುಟ್ಟಿದ ವೇಳೆ, ಊರು ಕೊಟ್ಟರೆ ಸಾಕು, ಉಳಿದದ್ದೆಲ್ಲ ಅದೇ ಲೆಕ್ಕ ಹಾಕುತ್ತಿತ್ತು. ತಾರೀಕಿನ ಜಾಗದಲ್ಲಿ ಅವತ್ತಿನ ತಾರೀಕು ತಾನಾಗಿಯೇ ಬಂದು ಕೂರುತ್ತಿತ್ತು. ಈ ಕೊನೆಯ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ನಾನು ಮರೆತಿದ್ದೆ.

ತಂಗಿ ಸುಧಾಳನ್ನು ಗುಬ್ಬಿಗೆ ಕೊಟ್ಟಿದ್ದೆವು. ನಮ್ಮ ಮನೆಯಲ್ಲೇ ನಡೆದ ಸೀಮಂತದ ದಿನ ಅವಳ ಅತ್ತೆ ಗೌರಮ್ಮನವರ ಮುಂದೆ ಯಾರದೋ ಜಾತಕ ತೆಗೆಯಲು ಹೋದೆ. ಯಂತ್ರ ಗೊರಗೊರ ಅನ್ನುತ್ತಾ ಕೂತಿತು. ಅವರು ಒಂದು ಎಲೆಯಡಿಕೆ ಮುಗಿಸಿ, ಇನ್ನೊಂದು ಮಡಿಸಿ, "ನಮ್ಮ ಜೋಯಿಸ್ರು ಇಷ್ಟೊತ್ಗೆ ಎಲ್ಡು ಬರ್ದು ಊಟಕ್ಕೆ ಕೂತಿರೋರು ಬುಡಿ ಮೇಷ್ಟ್ರೇ" ಅಂದರು. ಅದೇ ದಿನ ಇನ್ನೊಂದು ಮಾತೂ ಆಯಿತು. ಹೆಣ್ಣಾದರೆ ತಮ್ಮ ತಾಯಿಯ ಹೆಸರು ಮಹದೇವಮ್ಮ ಅಂತಲೇ ಇಡಬೇಕೆಂದು ಅವರು ಹಟ ಹಿಡಿದರು. ಸುಧಾಗೆ ಅದು ಸುತರಾಂ ಇಷ್ಟವಿಲ್ಲ. ಕೊನೆಗೆ, "ನಕ್ಷತ್ರದ ಅಕ್ಷರ ಬ್ಯಾರೆ ಬಂದ್ರೆ ನಾನು ತುಟಿ ಬಿಚ್ಚಾಕಿಲ್ಲ, ಅಕ್ಷರ ಬಂದಂಗೇ ಇಡ್ಲಿ" ಅಂತ ಒಪ್ಪಿದರು.

ಹೆಣ್ಣೇ ಆಯಿತು, ಬೆಳಿಗ್ಗೆ ಆರು ನಲವತ್ತಕ್ಕೆ. ಹನ್ನೊಂದರ ಹೊತ್ತಿಗೆ ಗೌರಮ್ಮ ಮಗುವನ್ನು ನೋಡಿಕೊಂಡು ಜಾತಕಕ್ಕೆಂದು ಮನೆಗೆ ಬರುವವರು. ಮಗು ಹುಟ್ಟಿದ ಖುಷಿ ಒಂದು ಕಡೆ, ಯಂತ್ರದ ಮಾನದ ಪ್ರಶ್ನೆ ಇನ್ನೊಂದು ಕಡೆ. ನಾನು ಆಸ್ಪತ್ರೆಯಿಂದ ಓಡಿಬಂದು, ಕುಣಿಗಲ್‌ನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಮಂಜುವಿಗೆ ಫೋನ್ ಹಚ್ಚಿದೆ.

"ಬಯಾಸ್ ಒಳಕ್ಕೆ ಹೋಗು, ಮಿಷಿನ್ ಶುರುವಾಗೋವಾಗ ಸೆಟ್ಟಿಂಗ್ ಪುಟ ಬರ್ತದಲ್ಲ, ಅದೇ. ಅಲ್ಲಿ ವೇಗ ಅರವತ್ತಾರು ಅಂತದೆ. ಅದ್ನ ಎಪ್ಪತ್ತೈದು ಮಾಡು, ನೋಡು. ಆಮೇಲೆ ಎಂಬತ್ಮೂರು. ಒಂದೊಂದೇ ಮೆಟ್ಲು ಕಣೋ. ಪ್ರತಿ ಸಲ ಬಿಸಿ ಎಷ್ಟದೆ ನೋಡು. ವೋಲ್ಟೇಜ್ ತಂಟೆಗೆ ಮಾತ್ರ ಹೋಗ್ಬ್ಯಾಡ."

ಹಳೆಯ ಅಂಕಿಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡೆ. ಡಬ್ಬದ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಿಡಿಸಿದೆ. ಎಪ್ಪತ್ತೈದು, ಸರಾಗ. ಎಂಬತ್ಮೂರು, ಬಿಸಿ ತುಸು ಏರಿತು, ಆದರೆ ಪರದೆ ಎಂದಿಗಿಂತ ಬೇಗ ತೆರೆದುಕೊಂಡಿತು. ಅಬ್ಬಾ, ನಾನು ಕುರ್ಚಿಯಿಂದೆದ್ದು ಕುಣಿದೇಬಿಟ್ಟೆ! ಅಲ್ಲಿಗೆ ನಿಲ್ಲಿಸಬೇಕಿತ್ತು. ಕೆಳಗೆ ನೂರು ಅನ್ನುವುದೊಂದು ಕಾಣುತ್ತಿತ್ತು. ಮೂವತ್ತೈದಕ್ಕೆ ಪಾಸು ಮಾಡಿ ಮಾಡಿ ಸಾಕಾಗಿದ್ದ ಮೇಷ್ಟ್ರ ಕಣ್ಣಿಗೆ ನೂರು ಬಿದ್ದರೆ ಕೈ ಸುಮ್ಮನಿರುತ್ತದೆಯೇ?

ಪರದೆ ಕಪ್ಪಾಯಿತು. ಕರೆದರೂ ಓ ಅನ್ನಲಿಲ್ಲ. ಮತ್ತೆ ಮಂಜು. "ನಂಗೊತ್ತಿತ್ತು ಬಿಡು. ಪ್ಲಗ್ ಕೀಳು. ಒಳಗೆ ನಾಣ್ಯದಂಥ ಬ್ಯಾಟರಿ ಅದೆ, ತೆಗ್ದು ಹತ್ತು ನಿಮಿಷ ಬಿಟ್ಟು ಹಾಕು. ಎಲ್ಲಾ ಮೊದ್ಲಿನಂಗೇ ಆಗ್ತದೆ" ಅಂದ. ಹಾಗೇ ಮಾಡಿದೆ, ಜೀವ ಬಂತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂದು, ಮುಂದುವರಿಯಲು ಎಫ್ ಒನ್ ಒತ್ತು ಅಂದಿತು. ಗೇಟಿನ ಸದ್ದಾಯಿತು, ಗೌರಮ್ಮ ಬಂದೇಬಿಟ್ಟರು. ಸಾಲು ಓದದೆ ಒತ್ತಿದೆ.

ಜಾತಕ ಬಂತು. ಮೃಗಶಿರಾ ನಕ್ಷತ್ರ, ಅಕ್ಷರ ಕಾ. ಗೌರಮ್ಮ ಬಾಯಿಗಿಡಲು ಮಡಿಸಿದ್ದ ಎಲೆಯಡಿಕೆಯನ್ನು ಮತ್ತೆ ಚೀಲಕ್ಕೆ ಸೇರಿಸಿದರು. ಆಮೇಲೆ, "ಆಗ್ಲಿ, ದೇವ್ರಿಟ್ಟಂಗೆ. ಮೇಷ್ಟ್ರೇ, ಮಿಷಿನ್ನು ಈಗ ಬಲೇ ಚುರುಕಾಗೈತೆ" ಅಂದರು. ಅದು ಅರವತ್ತಾರಕ್ಕೇ ವಾಪಸು ಬಂದು ಕೂತಿತ್ತು ಅನ್ನುವುದನ್ನು ನಾನು ಹೇಳಲಿಲ್ಲ. ಹೊಗಳಿಕೆ ಬಂದಾಗ ತಡೆಯಬಾರದು.

ನಾಲ್ಕು ದಿನದ ಮೇಲೆ ಪ್ರಶ್ನೆಪತ್ರಿಕೆ ಹುಡುಕುವಾಗ ಗೊತ್ತಾಯಿತು. ಹಿಂದಿನ ದಿನ ಮಾಡಿದ್ದ ಕಡತ 1999ರ ಜನವರಿಯದು ಅನ್ನುತ್ತಿದೆ! ನಾವಿದ್ದದ್ದು 2004ರಲ್ಲಿ. ಬ್ಯಾಟರಿ ತೆಗೆದಾಗ ವೇಗದ ಜೊತೆ ತಾರೀಕೂ ಹಳೆಯದಾಗಿತ್ತು. ಆ ಎರಡು ಸಾಲು ಅದನ್ನೇ ಹೇಳಿದ್ದವು. ಅಂದರೆ ಮಗು ಹುಟ್ಟಿದ ದಿನವೇ ನಾನು ಅದಕ್ಕೆ ಐದು ವರ್ಷ ತುಂಬಿಸಿದ್ದೆ. ಸರಿಯಾದ ತಾರೀಕು ಕೊಟ್ಟು ಮತ್ತೆ ಹಾಕಿದೆ. ಮಘಾ ನಕ್ಷತ್ರ, ಅಕ್ಷರ ಮ.

ಒಳಕೋಣೆಯಲ್ಲಿ ಬಾಣಂತಿ ಸುಧಾ ಮಗುವನ್ನು ಮಲಗಿಸುತ್ತಿದ್ದಳು. ನಾನು ತೊದಲುತ್ತ ಎಲ್ಲ ಹೇಳಿ, ಗೌರಮ್ಮನವರ ಕಾಲಿಗೆ ಬೀಳುತ್ತೇನೆ ಅಂದೆ. ಅವಳು ದಿಂಬಿನಡಿಯಿಂದ ಜಾತಕ ತೆಗೆದು ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲೇ ಬರ್ದಿದೆಯಲ್ಲ ಅಣ್ಣ, 1999 ಅಂತ. ಅವತ್ತೇ ನೋಡ್ದೆ. ನಿನ್ ಕಂಪ್ಯೂಟರು ಇಷ್ಟು ವರ್ಷದಲ್ಲಿ ಮಾಡಿರೋದು ಒಂದೇ ಒಳ್ಳೆ ಕೆಲ್ಸ. ಅದ್ನೂ ರಿಪೇರಿ ಮಾಡ್ಬೇಡ."

ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಸರದಿ ಸೋದರಮಾವನಾದ ನನಗೂ ಬಂತು. ಕಾವ್ಯ, ಕಾವ್ಯ, ಕಾವ್ಯ ಎಂದು ಮೂರು ಸಲ ಗಟ್ಟಿಯಾಗಿ ಹೇಳಿದೆ. ಎದುರಿಗೆ ಗೌರಮ್ಮ ಕೈಮುಗಿದು ನಿಂತಿದ್ದರು. ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಬಗ್ಗಿ, ಇನ್ಯಾರಿಗೂ ಕೇಳದಂತೆ, ನಾಲ್ಕನೆಯ ಸಲ ಮಹದೇವಮ್ಮ ಅಂದೆ.

ಅಷ್ಟು ಹೊತ್ತು ನಿದ್ದೆಯಲ್ಲಿದ್ದ ಮಗು ಕಣ್ಣು ಬಿಟ್ಟು ನನ್ನನ್ನೇ ನೋಡಿತು. ಗೌರಮ್ಮ ಸಂಭ್ರಮದಿಂದ, "ನೋಡ್ದ್ರಾ, ಹೆಸ್ರು ಕರ್ದ ತಕ್ಷಣ ಎಚ್ಚರಾತು! ಮೇಷ್ಟ್ರ ಮಿಷಿನ್ನು ಸುಳ್ಳು ಹೇಳಾಕಿಲ್ಲ" ಅಂದರು.