ಅಧ್ಯಕ್ಷರು ಹೊಲದಲ್ಲಿ ಕುಳಿತಿದ್ದಾರೆ

ಸರ್ಕಾರಿ ಶಾಲೆಗೆ ಐದು ವರ್ಷದ ಯೋಜನೆ ಬರೆಯುವುದೆಂದರೆ ನನಗೆ ಎಡಗೈ ಕೆಲಸ! ಎಂಬತ್ತರ ದಶಕದ ಮಾತು. ಮೈಸೂರು ಕಡೆಯಿಂದ ಅಫಜಲಪುರ ತಾಲೂಕಿನ ಆ ಊರಿಗೆ ಹೆಡ್‌ಮಾಸ್ತರನಾಗಿ ಬಂದು ತಿಂಗಳೂ ಆಗಿರಲಿಲ್ಲ. ಏಳನೇ ತರಗತಿ ಬೇಕಿದ್ದರೆ ಊರವರ ಸಮಿತಿ ರಚಿಸಿ, ಅಧ್ಯಕ್ಷರ ಸಹಿ ಹಾಕಿಸಿ, ಯೋಜನೆಯನ್ನು ಮಂಗಳವಾರದೊಳಗೆ ಕಚೇರಿಗೆ ಮುಟ್ಟಿಸಬೇಕಿತ್ತು. ಇಲ್ಲವಾದರೆ ಆರನೆಯದು ಮುಗಿಸಿದ ಹನ್ನೊಂದು ಹುಡುಗಿಯರು ಮನೆಯಲ್ಲೇ ಕೂರಬೇಕು.

ಭಾನುವಾರದ ಸಭೆಯಲ್ಲಿ ಮೇಲಿನ ಓಣಿಗೂ ಕೆಳಗಿನ ಓಣಿಗೂ ಪ್ರತಿ ಹೆಸರಿಗೂ ಜಗಳ. ಕೊನೆಗೆ ನಾನೇ ಎದ್ದು, "ಈ ಶಾಲೆಗೆ ಹಿರಿಯರು ಯಾರು?" ಎಂದು ಗುಡುಗಿದೆ.

"ಜಾಗಾ ಕೊಟ್ಟ ಶರಣಪ್ಪಗೌಡ್ರು," ಎಂದರು ಒಬ್ಬ ಮುದುಕರು.

ಸಭೆ ತಟ್ಟನೆ ತಣ್ಣಗಾಯಿತು. ಎರಡೂ ಓಣಿಯವರು ಬಾಗಿಲ ಕಡೆ ತಿರುಗಿ ಕೈಮುಗಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ! ಆದರೂ ಅಧ್ಯಕ್ಷರ ಜಾಗದಲ್ಲಿ ಗೌಡರ ಹೆಸರು ಹಾಕಿ 'ಸರ್ವಾನುಮತ' ಎಂದು ಬರೆದುಕೊಂಡೆ.

"ಮುಖ ನೋಡದವರನ್ನ ಅಧ್ಯಕ್ಷರನ್ನಾಗಿ ಮಾಡಿದ್ರಾ?" ಎಂದಳು ರಾತ್ರಿ ಮನೆಯಲ್ಲಿ ಹೆಂಡತಿ.

"ನಾಯಕತ್ವದ ವಿಷಯ ನಿನಗೆ ತಿಳಿಯದು," ಎಂದೆ.

ಸೋಮವಾರ ಮಧ್ಯಾಹ್ನ ಸಹಿಗೆಂದು ಯೋಜನೆಯ ಕಾಗದ ಹಿಡಿದು ಗೌಡರ ಮನೆಗೆ ಹೋದರೆ ಸೊಸೆ ನೀಲಮ್ಮ ಬಾಗಿಲಿಗೆ ಬಂದಳು. "ಮಾವಾರು ಹೊಲದಾಗ ಕುಂತಾರ್ರಿ, ಬೇವಿನ ಗಿಡದ ಬುಡಕ. ನೀವು ಹೋಗ್ರಿ, ನಾ ಹಿಂದ ಬರ್ತೇನಿ."

"ಮನೆಗೆ ಎಷ್ಟೊತ್ತಿಗೆ ಬರ್ತಾರೆ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅವ್ರು ಎದ್ದು ಬರಂಗಿಲ್ರಿ."

ಗೌಡರ ಗತ್ತು ಎಂದುಕೊಂಡೆ.

ಆಳೆತ್ತರದ ಜೋಳ. ಗಾಳಿಯಿಲ್ಲ, ಹಕ್ಕಿಯ ಸದ್ದಿಲ್ಲ. ಆದರೆ ನಾನು ನಡೆದರೆ ನನ್ನ ಹಿಂದೆ ಎಲೆ ಸರಸರ ಎನ್ನುತ್ತಿತ್ತು. ನಿಂತರೆ ಅದೂ ನಿಲ್ಲುತ್ತಿತ್ತು. ಬೇವಿನ ಕೆಳಗೆ ಒಂದು ಕಲ್ಲಿನ ಕಟ್ಟೆ, ಮೇಲೆ ಬಾಳೆಹಣ್ಣು, ತಂಬಿಗೆ ನೀರು. ಮನುಷ್ಯರ ಸುಳಿವಿಲ್ಲ. ಅತಿಥಿ ಸತ್ಕಾರವೆಂದು ತಿಳಿದು ಕಟ್ಟೆಯ ಮೇಲೆ ಕುಳಿತು ಹಣ್ಣು ತಿಂದೆ, ನೀರು ಕುಡಿದೆ. ಅರ್ಧ ಗಂಟೆಯಾದರೂ ಯಾರೂ ಬರಲಿಲ್ಲ. ಕುಳಿತ ಕಲ್ಲು ಯಾಕೋ ಬಿಸಿಲಲ್ಲೂ ತಣ್ಣಗಿತ್ತು. ಹೆದರಿಕೆ ಮುಚ್ಚಿಕೊಳ್ಳಲು ಕಿರುಚಿದೆ: "ಅಧ್ಯಕ್ಷರೇ! ಸರ್ಕಾರ ನಿಮಗಾಗಿ ಕಾಯುವುದಿಲ್ಲ!"

"ಕೂಗಬ್ಯಾಡ್ರಿ. ಅವರಿಗಿ ಕೇಳ್ತದ," ಎಂದಿತು ಜೋಳದೊಳಗಿಂದ ಒಂದು ದನಿ.

ನನ್ನ ಪ್ರಾಣ ಬಾಯಿಗೆ ಬಂತು! ಹೂವಿನ ಬುಟ್ಟಿ ಹಿಡಿದು ಹೊರಬಂದವಳು ನೀಲಮ್ಮ. ಬಂದವಳೇ ಬುಟ್ಟಿ ಕೈಬಿಟ್ಟಳು.

"ಸರ್ರಾ! ಮಾವಾರ ನೆತ್ತಿ ಮ್ಯಾಲ ಕುಂತೀರಲ್ರಿ!"

ಗೌಡರು ಲಿಂಗೈಕ್ಯರಾಗಿ ಹನ್ನೆರಡು ವರ್ಷವಾಗಿತ್ತು. ಲಿಂಗಾಯತರಲ್ಲಿ ಸತ್ತವರನ್ನು ಕುಳ್ಳಿರಿಸಿ ಸಮಾಧಿ ಮಾಡುತ್ತಾರೆ. ನಾನು ಎದ್ದೆನೋ ಹಾರಿದೆನೋ, ನೆನಪಿಲ್ಲ.

"ಬದುಕಿದ್ದವರಿಗಿ ನಮ್ಮೂರು ಒಪ್ಪಂಗಿಲ್ರಿ, ಅದಕ್ಕ ಸತ್ತವರ ಹೆಸರು ಹೇಳಿದ್ರು. ನಿಮಗ ಗೊತ್ತದ ಅಂತ ತಿಳ್ಕೊಂಡಿದ್ವಿ," ಎಂದಳು ನೀಲಮ್ಮ. ನಾಳೆಯೇ ಗಡುವು, ನನಗೆ ಅಳು ಬಂತು. ಆಕೆ ಕಾಗದ ಕಸಿದುಕೊಂಡಳು. "ತರ್ರಿ ಇಲ್ಲಿ. ನನ್ನ ಮಗಳೂ ಆ ಹನ್ನೊಂದು ಮಂದ್ಯಾಗ ಅದಾಳ. ನಾ ಅಧ್ಯಕ್ಷಳಾಗ್ತೇನಿ. ಈ ಮನಿ ಸೊಸಿಗಿ ಯಾರು ಒಲ್ಲೆ ಅಂತಾರ ನೋಡ್ತೇನಿ!"

ಯಾರೂ ಅನ್ನಲಿಲ್ಲ. ಏಳನೇ ತರಗತಿ ಬಂತು. ಹೊಸ ಸಮಿತಿ ಸರ್ವಾನುಮತದಿಂದ ಪಾಸು ಮಾಡಿದ ಮೊದಲ ಠರಾವನ್ನು ನನ್ನ ಕೈಯಿಂದಲೇ ಬರೆಸಿದರು: "ಮುಖ್ಯ ಗುರುಗಳು ಎಲ್ಲಿಯೇ ಆಗಲಿ ಕುಳಿತುಕೊಳ್ಳುವ ಮೊದಲು, ಕೆಳಗೆ ಯಾರಿದ್ದಾರೆಂದು ವಿಚಾರಿಸತಕ್ಕದ್ದು."